ಸಂಶಯ ಕಟ್ಟಿದ ಪಾಠಶಾಲೆ

2011ರ ಮಾರ್ಚ್ 3ರಂದು ವೆಬ್‌ಜಿಎಲ್ ಮಾನಕದ ಮೊದಲ ಆವೃತ್ತಿ ಪ್ರಕಟವಾಯಿತು. ಬೇರೆ ಯಾವ ತಂತ್ರಾಂಶವನ್ನೂ ಇಳಿಸಿಕೊಳ್ಳದೆ, ಒಂದು ವೆಬ್ ಪುಟ ತೆರೆದ ಮಾತ್ರಕ್ಕೆ ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್ಪಿಗೆ, ಅಂದರೆ ಜಿಪಿಯುಗೆ, ಕೆಲಸ ಹೇಳುವ ದಾರಿ ಅದರಿಂದ ತೆರೆಯಿತು. ನಾಲ್ಕು ತಿಂಗಳು ತುಂಬುವ ಮೊದಲೇ, ಜೂನ್ 16ರಂದು, ಮೈಕ್ರೋಸಾಫ್ಟಿನ ಭದ್ರತಾ ತಂಡ ಈ ತಂತ್ರಜ್ಞಾನಕ್ಕೆ ‘ಹಾನಿಕರ’ ಎಂಬ ಹಣೆಪಟ್ಟಿ ಕಟ್ಟಿತು. ಊರು ಹೆಸರು ಗೊತ್ತಿಲ್ಲದ ಯಾರೋ ಬರೆದ ಕೋಡು ಬ್ರೌಸರನ್ನು ದಾಟಿ ಚಿಪ್ಪನ್ನು ನಡೆಸುವ ಡ್ರೈವರಿನ ತನಕ ಹೋಗುತ್ತದೆ, ಡ್ರೈವರಿನ ದೋಷಗಳನ್ನು ತಿದ್ದುವ ಹೊಣೆ ಚಿಪ್ ಕಂಪನಿಗಳ ಮೇಲೆ ಬೀಳುತ್ತದೆ, ಇಡೀ ಯಂತ್ರವನ್ನೇ ನಿಲ್ಲಿಸಿಬಿಡುವುದು ಸುಲಭವಾಗುತ್ತದೆ ಎಂಬುದು ಅವರ ಆಕ್ಷೇಪಗಳ ಸಾರ. ಆಕ್ಷೇಪಗಳಲ್ಲಿ ಹುರುಳಿತ್ತು. ಬ್ರೌಸರಿನ ಮೂಲಕ ಜಿಪಿಯು ಕಲಿಯುವವರ ಸಂಖ್ಯೆ ಬೆಳೆದ ಕಥೆಯನ್ನು ಸಾಮಾನ್ಯವಾಗಿ ಈ ಸಂಶಯವನ್ನು ಗೆದ್ದ ಕಥೆಯೆಂದು ಹೇಳುವುದುಂಟು: ಒಂದು ಕಡೆ ಅಂಜುಬುರುಕರು, ಇನ್ನೊಂದು ಕಡೆ ಧೈರ್ಯವಂತರು, ಕೊನೆಗೆ ಧೈರ್ಯಕ್ಕೆ ಜಯ. ನನಗೆ ಇತಿಹಾಸ ಹಾಗೆ ಕಾಣುವುದಿಲ್ಲ. ಬ್ರೌಸರ್ ಒಳ್ಳೆಯ ಪಾಠಶಾಲೆಯಾದದ್ದೇ ಆ ಸಂಶಯದ ದೆಸೆಯಿಂದ. ಕಳ್ಳ ಬೇಕೆಂದೇ ಮಾಡುವುದನ್ನೂ ಕಲಿಯುವವನು ಗೊತ್ತಿಲ್ಲದೆ ಮಾಡುವುದನ್ನೂ ಬೇರೆ ಮಾಡಿ ನೋಡಲು ಬ್ರೌಸರಿಗೆ ಬರುವುದಿಲ್ಲ. ಒಬ್ಬನಿಗಾಗಿ ಕಟ್ಟಿದ ತಡೆಗೋಡೆ ಇನ್ನೊಬ್ಬನಿಗೆ ಆಸರೆಯಾಯಿತು.

ಇದನ್ನು ಅರಿಯಲು ಮೊದಲಿನ ಸ್ಥಿತಿಯನ್ನು ನೋಡಬೇಕು. ಸಿಲಿಕಾನ್ ಗ್ರಾಫಿಕ್ಸ್ ಕಂಪನಿ 1992ರಲ್ಲಿ ಓಪನ್‌ಜಿಎಲ್ ಅನ್ನು ಹೊರತಂದಾಗ ಅದು ದುಬಾರಿ ವರ್ಕ್‌ಸ್ಟೇಷನ್ನುಗಳ ಭಾಷೆಯಾಗಿತ್ತು. ದಶಕದ ಕೊನೆಯ ಹೊತ್ತಿಗೆ ಮನೆಯ ಕಂಪ್ಯೂಟರುಗಳಿಗೂ ಗ್ರಾಫಿಕ್ಸ್ ಕಾರ್ಡ್ ಬಂತು. 1999ರಲ್ಲಿ ಎನ್‌ವಿಡಿಯಾ ತನ್ನ ಜಿಫೋರ್ಸ್ 256 ಕಾರ್ಡನ್ನು ಜಿಪಿಯು ಎಂಬ ಹೆಸರಿನಲ್ಲಿ ಮಾರಿತು. 2001ರ ಜಿಫೋರ್ಸ್ 3ರೊಂದಿಗೆ ಚಿಪ್ಪಿನೊಳಗೇ ಓಡುವ ಪುಟ್ಟ ಪ್ರೋಗ್ರಾಮುಗಳನ್ನು, ಅಂದರೆ ಶೇಡರುಗಳನ್ನು, ಜನಸಾಮಾನ್ಯರೂ ಬರೆಯುವಂತಾಯಿತು. ಬರೆಯಬಹುದಿತ್ತು, ಆದರೆ ಬರೆಯುವ ತನಕ ತಲುಪುವುದೇ ದೊಡ್ಡ ಯಾತ್ರೆ. ಕಂಪೈಲರ್ ಹಾಕಿಕೊಳ್ಳಬೇಕು, ಕಿಟಕಿ ತೆರೆಯಲು ಬೇರೊಂದು ಲೈಬ್ರರಿ ಜೋಡಿಸಬೇಕು. ವಿಂಡೋಸ್ ಜೊತೆಗೆ ಬರುತ್ತಿದ್ದ ಓಪನ್‌ಜಿಎಲ್ 1.1ನೇ ಆವೃತ್ತಿಯಲ್ಲೇ ನಿಂತಿದ್ದರಿಂದ, ಅದಕ್ಕಿಂತ ಹೊಸದಾದ ಪ್ರತಿಯೊಂದು ಸೌಲಭ್ಯವನ್ನೂ ಡ್ರೈವರಿನಿಂದ ಹೆಸರು ಹಿಡಿದು ಕೇಳಿ ಪಡೆಯಬೇಕಿತ್ತು. ಇಷ್ಟೆಲ್ಲ ಆದ ಮೇಲೆ ಎದುರಾಗುತ್ತಿದ್ದುದು ಕಪ್ಪು ಪರದೆ. ತಪ್ಪು ನಿಮ್ಮ ಗಣಿತದ್ದೋ, ಕ್ರಮದ್ದೋ, ಡ್ರೈವರಿನದ್ದೋ ಎಂದು ಆ ಪರದೆ ಬಾಯಿಬಿಡುತ್ತಿರಲಿಲ್ಲ. ಮೆಮೊರಿಯಲ್ಲಿ ಅತ್ತಿತ್ತ ಕಾಲಿಟ್ಟರೆ ಪ್ರೋಗ್ರಾಮು ಸಾಯುತ್ತಿತ್ತು. ಅದೃಷ್ಟ ಕೆಟ್ಟಿದ್ದರೆ ಯಂತ್ರವೇ ಹೆಪ್ಪುಗಟ್ಟುತ್ತಿತ್ತು. ಜೆಫ್ ಮೊಲೊಫೀ ಎಂಬವರು ‘ನೆಹೆ’ ಹೆಸರಿನಲ್ಲಿ ಬರೆದ ಓಪನ್‌ಜಿಎಲ್ ಪಾಠಗಳು ಒಂದು ತಲೆಮಾರಿಗೇ ಕೈಹಿಡಿದು ಕಲಿಸಿದವು ಎಂಬುದು ನಿಜ. ಆದರೆ ಒಳಗೆ ಬಂದವರಿಗಷ್ಟೇ ಅವು ಪಾಠ. ಹೊಸ್ತಿಲು ಎತ್ತರವಾಗಿಯೇ ಉಳಿಯಿತು.

ವೆಬ್ಬಿಗೆ ಮೂರು ಆಯಾಮದ ಆಸೆ ಹುಟ್ಟಿದ್ದು ತೀರ ಎಳವೆಯಲ್ಲೇ. 1994ರ ಮೇ ತಿಂಗಳಲ್ಲಿ ಜಿನೀವಾದ ಸರ್ನ್‌ನಲ್ಲಿ ನಡೆದ ಮೊದಲ ವೆಬ್ ಸಮ್ಮೇಳನದಲ್ಲಿ ಮಾರ್ಕ್ ಪೆಸ್ಸಿ ಮತ್ತು ಟೋನಿ ಪರೀಸಿ ತಮ್ಮ ಪ್ರಯೋಗವನ್ನು ಮುಂದಿಟ್ಟರು. ಅಲ್ಲಿಂದ ಹೊರಟ ವಿಆರ್‌ಎಂಎಲ್ ಎಂಬ ಭಾಷೆ 1997ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ಆದರೆ ಅದನ್ನು ನೋಡಲು ಪ್ರತ್ಯೇಕ ಪ್ಲಗ್‌ಇನ್ ಬೇಕು. ಆಮೇಲೆ ಬಂದ ಜಾವಾ ಆಪ್ಲೆಟ್, ಆಕ್ಟಿವ್‌ಎಕ್ಸ್, ಫ್ಲಾಶ್ ಎಲ್ಲವೂ ಒಂದೊಂದು ಪ್ಲಗ್‌ಇನ್ನೇ. 2009ರ ಏಪ್ರಿಲ್‌ನಲ್ಲಿ ಗೂಗಲ್ ತಂದ ಓ3ಡಿ ಕೂಡ ಹಾಗೆಯೇ ಶುರುವಾಯಿತು. ಪ್ಲಗ್‌ಇನ್ನಿನ ಹಿಂದೆ ಒಂದು ಬಗೆಯ ಒಪ್ಪಂದವಿರುತ್ತದೆ: ಬಳಕೆದಾರ ಒಮ್ಮೆ ‘ಹೂಂ’ ಅಂದರೆ ಸಾಕು, ಅಲ್ಲಿಂದ ಮುಂದೆ ಆ ತಂತ್ರಾಂಶ ಮನೆಯವನು. ಆಕ್ಟಿವ್‌ಎಕ್ಸ್‌ನಲ್ಲಂತೂ ಆ ‘ಹೂಂ’ ಸಿಕ್ಕ ಮೇಲೆ ಒಳಬಂದ ಕೋಡು ಬಳಕೆದಾರ ಮಾಡಬಹುದಾದುದನ್ನೆಲ್ಲ ಮಾಡಬಹುದಿತ್ತು. ಹೀಗೆ ನಂಬಿ ಕೆಟ್ಟ ಮೇಲೆ ಬ್ರೌಸರ್ ತಯಾರಕರಿಗೆ ಬುದ್ಧಿ ಬಂತು. ಅಪ್ಪಣೆ ಕೇಳಿ ನಂಬುವುದಕ್ಕಿಂತ ಅಪ್ಪಣೆಯನ್ನೇ ಕೇಳದೆ, ಯಾರನ್ನೂ ನಂಬದೆ ಇರುವುದು ಮೇಲು. ಪುಟ ತೆರೆಯಲು ಯಾರ ಅನುಮತಿಯೂ ಬೇಡ, ಆದರೆ ತೆರೆದ ಪುಟಕ್ಕೆ ಮನೆಯೊಳಗೆ ಯಾವ ಸಲುಗೆಯೂ ಇಲ್ಲ. ಈ ನೀತಿಗೆ ಜಿಪಿಯು ಒಗ್ಗುವುದೇ ಎಂಬುದು ಮುಂದಿನ ಹತ್ತು ವರ್ಷಗಳ ಪ್ರಶ್ನೆಯಾಯಿತು.

ಆಪಲ್ ಕಂಪನಿ 2004ರಲ್ಲಿ ತನ್ನ ಡ್ಯಾಶ್‌ಬೋರ್ಡಿಗೂ ಸಫಾರಿ ಬ್ರೌಸರಿಗೂ ಕ್ಯಾನ್ವಾಸ್ ಎಂಬ ಅಂಶವನ್ನು ಸೇರಿಸಿತ್ತು. ಅದು ಪುಟದ ನಡುವೆ ಬಿಟ್ಟ ಖಾಲಿ ಹಲಗೆ; ಅದರ ಮೇಲೆ ಜಾವಾಸ್ಕ್ರಿಪ್ಟಿನಿಂದ ಗೆರೆ ಎಳೆಯಬಹುದು, ಬಣ್ಣ ತುಂಬಬಹುದು. ಆ ಹಲಗೆಯ ಹಿಂದೆ ಓಪನ್‌ಜಿಎಲ್ ಅನ್ನು ಕೂರಿಸಿದರೆ ಹೇಗೆ ಎಂದು ಯೋಚಿಸಿದವರು ಮೊಜಿಲ್ಲಾದ ವ್ಲಾದಿಮಿರ್ ವುಕಿಚೆವಿಚ್. ಅವರು 2006ರಲ್ಲಿ ಅದರ ಮಾದರಿಯೊಂದನ್ನು ತೋರಿಸಿದರು. 2007ರ ಕೊನೆಗೆ ಮೊಜಿಲ್ಲಾ ಮತ್ತು ಒಪೆರಾ ತಮ್ಮ ತಮ್ಮ ರೀತಿಯಲ್ಲಿ ಅದನ್ನು ಕಟ್ಟಿದ್ದವು. 2009ರಲ್ಲಿ ಕ್ರೋನೋಸ್ ಒಕ್ಕೂಟ ಆಪಲ್, ಗೂಗಲ್, ಮೊಜಿಲ್ಲಾ, ಒಪೆರಾಗಳನ್ನು ಕೂರಿಸಿಕೊಂಡು ಕಾರ್ಯಪಡೆಯನ್ನು ರಚಿಸಿತು. ಅವರು ಆಧಾರವಾಗಿ ಆರಿಸಿದ್ದು ಮೊಬೈಲಿಗೆಂದು ಇಳಿಸಿದ ಓಪನ್‌ಜಿಎಲ್ ಇಎಸ್ 2.0. ಅದು ಚಿಕ್ಕದು, ಹಳೆಯ ಸೌಲಭ್ಯಗಳ ಹೊರೆ ಇಲ್ಲದ್ದು. ಚಿಕ್ಕದಾದ್ದರಿಂದ ಕಾವಲು ಸುಲಭ. ಕಲಿಯುವವನಿಗೆ ಇದರಿಂದ ಒಂದು ಅನಿರೀಕ್ಷಿತ ಫಲ ದೊರೆಯಿತು. ಹಳೆಯ ಓಪನ್‌ಜಿಎಲ್‌ನಲ್ಲಿ ದೀಪ, ಬೆಳಕುಗಳ ಲೆಕ್ಕಕ್ಕೆ ಸಿದ್ಧ ಗುಂಡಿಗಳಿದ್ದವು. ಇಎಸ್ 2.0ರಲ್ಲಿ ಅವು ಇಲ್ಲ. ಮೊದಲ ತ್ರಿಕೋನ ಮೂಡಬೇಕಾದರೂ ಎರಡು ಶೇಡರುಗಳನ್ನು ನಾವೇ ಬರೆಯಬೇಕು: ಮೂರು ಮೂಲೆಗಳು ಪರದೆಯ ಮೇಲೆ ಎಲ್ಲಿ ಬೀಳುತ್ತವೆ ಎಂದು ಹೇಳುವುದು ಒಂದು, ಆ ಮೂಲೆಗಳ ನಡುವೆ ಸಿಕ್ಕುವ ಪ್ರತಿ ಪಿಕ್ಸೆಲ್ಲಿಗೆ ಯಾವ ಬಣ್ಣ ಎಂದು ಹೇಳುವುದು ಇನ್ನೊಂದು. ಮೊದಲನೆಯದು ಮೂರು ಸಲ ಓಡುತ್ತದೆ, ಎರಡನೆಯದು ತ್ರಿಕೋನ ದೊಡ್ಡದಿದ್ದರೆ ಲಕ್ಷ ಸಲ ಓಡಬಹುದು. ಒಂದೇ ಪುಟ್ಟ ಪ್ರೋಗ್ರಾಮು ಲಕ್ಷ ಕಡೆ ಒಟ್ಟಿಗೆ ಓಡುವುದೇ ಜಿಪಿಯುವಿನ ಮರ್ಮ. ಅದು ಮೊದಲ ಪಾಠದಲ್ಲೇ ಕೈಗೆ ಸಿಗುವಂತಾಯಿತು.

ಕಾವಲಿನ ವಿವರಗಳನ್ನು ಹತ್ತಿರದಿಂದ ನೋಡಿದರೆ ನನ್ನ ವಾದಕ್ಕೆ ಬಲ ಸಿಗುತ್ತದೆ. ನೂರು ಮೂಲೆಗಳ ಪಟ್ಟಿ ಕೊಟ್ಟು ನೂರೈವತ್ತನೆಯ ಮೂಲೆಯನ್ನು ಬಳಸು ಎಂದರೆ, ಸಾಮಾನ್ಯ ಪ್ರೋಗ್ರಾಮಿನಲ್ಲಿ ಜಿಪಿಯು ಪಕ್ಕದ ಮೆಮೊರಿಯಲ್ಲಿ ಏನಿದೆಯೋ ಅದನ್ನೇ ಎತ್ತಿಕೊಂಡೀತು. ಕಳ್ಳನಿಗೆ ಬೇಕಾದದ್ದು ಅದೇ. ಪಕ್ಕದ ಮೆಮೊರಿಯಲ್ಲಿ ಇನ್ನೊಂದು ಪುಟದ ಚಿತ್ರವಿರಬಹುದು. ಹಾಗಾಗಿ ಇಂಥ ಆಜ್ಞೆಯನ್ನು ತಡೆದು, ಇದು ಒಪ್ಪತಕ್ಕ ಕ್ರಿಯೆಯಲ್ಲ ಎಂಬ ದೋಷಸೂಚನೆ ಕೊಡಲು ವೆಬ್‌ಜಿಎಲ್ ಅವಕಾಶ ಮಾಡಿತು. ಹೊಸದಾಗಿ ಪಡೆದ ಮೆಮೊರಿಯನ್ನು ಸೊನ್ನೆಗಳಿಂದ ತುಂಬಿಯೇ ಕೊಡಬೇಕೆಂದು ವಿಧಿಸಿತು. ಹಿಂದೆ ಇದ್ದವರ ಗುಟ್ಟು ಅಲ್ಲಿ ಉಳಿಯಬಾರದು. ಶೇಡರುಗಳನ್ನು ಡ್ರೈವರಿಗೆ ನೇರವಾಗಿ ಕೊಡದೆ ಬ್ರೌಸರ್ ತಾನೇ ಓದಿ, ಪರೀಕ್ಷಿಸಿ, ಮರಳಿ ಬರೆದು ಕೊಡತೊಡಗಿತು. 2010ರಲ್ಲಿ ಗೂಗಲ್ ಆರಂಭಿಸಿದ ಆ್ಯಂಗಲ್ ಎಂಬ ಯೋಜನೆ ಈ ಕೆಲಸದ ಜೊತೆಗೆ, ಓಪನ್‌ಜಿಎಲ್ ಆಜ್ಞೆಗಳನ್ನು ವಿಂಡೋಸಿನ ಡೈರೆಕ್ಟ್‌3ಡಿಗೆ ಅನುವಾದಿಸುವುದನ್ನೂ ಮಾಡಿತು. ಮುಗಿಯದ ಲೆಕ್ಕಕ್ಕೆ ಜಿಪಿಯುವನ್ನು ಸಿಕ್ಕಿಸಿದರೆ ವಿಂಡೋಸ್ ಸುಮಾರು 2 ಸೆಕೆಂಡು ಕಾದು ಚಿಪ್ಪನ್ನು ಮರುಚಾಲನೆ ಮಾಡುತ್ತದೆ. ಆಗ ಪುಟಕ್ಕೆ ‘ನಿನ್ನ ಹಲಗೆ ಕಳೆದುಹೋಯಿತು’ ಎಂಬ ಸುದ್ದಿ ತಲುಪುತ್ತದೆ, ಪಕ್ಕದ ಟ್ಯಾಬಿನಲ್ಲಿ ಅರ್ಧ ಬರೆದ ಪತ್ರ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಈಗ ಕಳ್ಳನ ಜಾಗದಲ್ಲಿ ಮೊದಲ ವಾರದ ವಿದ್ಯಾರ್ಥಿಯನ್ನು ಇಟ್ಟು ನೋಡಿ. ಪಟ್ಟಿಯ ಅಳತೆ ತಪ್ಪುವವನು, ಮೆಮೊರಿ ತುಂಬಲು ಮರೆಯುವವನು, ಮುಗಿಯದ ಲೂಪ್ ಬರೆಯುವವನು ಅವನೇ. ಮೊದಲು ಕಪ್ಪು ಪರದೆ ಕಾಣುತ್ತಿದ್ದವನಿಗೆ ಈಗ ಬ್ರೌಸರಿನ ಕನ್ಸೋಲಿನಲ್ಲಿ ಒಂದು ಸಾಲು ಕಾಣುತ್ತದೆ.

ಕಾವಲು ಒಂದೇ ಏಟಿಗೆ ಗಟ್ಟಿಯಾಗಲಿಲ್ಲ. 2011ರ ಮೇ ತಿಂಗಳಲ್ಲಿ ಕಾಂಟೆಕ್ಸ್ಟ್ ಎಂಬ ಬ್ರಿಟಿಷ್ ಭದ್ರತಾ ಸಂಸ್ಥೆ ಒಂದು ಸೂಕ್ಷ್ಮ ಬಿರುಕನ್ನು ಎತ್ತಿ ತೋರಿಸಿತು. ಬೇರೆ ತಾಣದ ಚಿತ್ರವನ್ನು ವೆಬ್‌ಜಿಎಲ್ ಮೇಲ್ಮೈಗೆ ಅಂಟಿಸಬಹುದಿತ್ತು, ಆದರೆ ಅದನ್ನು ಓದುವಂತಿರಲಿಲ್ಲ. ಪಿಕ್ಸೆಲ್ ಬೆಳ್ಳಗಿದ್ದರೆ ನಿಧಾನ, ಕಪ್ಪಗಿದ್ದರೆ ಬೇಗ ಎಂಬಂತೆ ಶೇಡರ್ ಬರೆದು, ಹಿಡಿದ ಸಮಯವನ್ನು ಅಳೆದರೆ ಓದದೆಯೇ ಓದಿದಂತಾಯಿತು. ಕಣ್ಣಿಗೆ ಬಟ್ಟೆ ಕಟ್ಟಿದವನು ಹೆಜ್ಜೆ ಸದ್ದಿನಿಂದ ಆಳನ್ನು ಗುರುತಿಸಿದ ಹಾಗೆ. ಫೈರ್‌ಫಾಕ್ಸ್ 5 ಮತ್ತು ಕ್ರೋಮ್ 13 ಬರುವ ಹೊತ್ತಿಗೆ, ಒಡೆಯನ ಒಪ್ಪಿಗೆ ಇಲ್ಲದ ಚಿತ್ರವನ್ನು ಹೀಗೆ ಬಳಸುವುದಕ್ಕೇ ತಡೆ ಬಿತ್ತು. ಮೈಕ್ರೋಸಾಫ್ಟಿನ ಆಕ್ಷೇಪವೂ ಗಾಳಿಗೆ ಹೋಗಲಿಲ್ಲ; ಡ್ರೈವರುಗಳ ಕಪ್ಪುಪಟ್ಟಿಗಳು, ಅಂಕೆ ಮೀರದ ಮೆಮೊರಿ ಬಳಕೆಯ ಸೌಲಭ್ಯಗಳು ಬಲಗೊಂಡವು. 2013ರ ಅಕ್ಟೋಬರಿನಲ್ಲಿ ಅದೇ ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ರಲ್ಲಿ ವೆಬ್‌ಜಿಎಲ್ ಕೊಟ್ಟಿತು. 2014ರಲ್ಲಿ ಐಓಎಸ್ 8ರೊಂದಿಗೆ ಐಫೋನಿನ ಸಫಾರಿಯೂ ಸೇರಿಕೊಂಡಿತು. ವಿರೋಧಿಸಿದವರು ಸೋತು ಬಂದರು ಎನ್ನುವುದಕ್ಕಿಂತ, ಅವರು ಕೇಳಿದ ಬೀಗಗಳನ್ನು ಹಾಕಿದ ಮೇಲೆ ಬಂದರು ಎನ್ನುವುದು ಸರಿ.

ಅಷ್ಟರಲ್ಲಿ ಪಾಠಶಾಲೆ ನಡೆಯತೊಡಗಿತ್ತು. 2009ರಲ್ಲೇ ಗೈಲ್ಸ್ ಥಾಮಸ್ ನೆಹೆ ಪಾಠಗಳನ್ನು ವೆಬ್‌ಜಿಎಲ್‌ಗೆ ಒಗ್ಗಿಸಿ ಬರೆಯಲು ಕೂತಿದ್ದರು. 2010ರಲ್ಲಿ ರಿಕಾರ್ಡೊ ಕಬೆಲ್ಲೊ ಥ್ರೀ.ಜೆಎಸ್ ಲೈಬ್ರರಿಯನ್ನು ಬಿಡುಗಡೆ ಮಾಡಿದರು. 2013ರಲ್ಲಿ ಎರಿಕ್ ಹೇನ್ಸ್ ಯುಡಾಸಿಟಿಯಲ್ಲಿ ಥ್ರೀ.ಜೆಎಸ್ ಬಳಸಿಯೇ ಗ್ರಾಫಿಕ್ಸ್ ಪಾಠ ಹೇಳಿದರು. ಅದೇ ವರ್ಷ ಇನಿಗೊ ಕೀಲೆಸ್ ಮತ್ತು ಪೋಲ್ ಜೆರೆಮಿಯಾಸ್ ಶೇಡರ್‌ಟಾಯ್ ತೆರೆದರು. ಅಲ್ಲಿ ಎಡಕ್ಕೆ ಚಿತ್ರ, ಬಲಕ್ಕೆ ಅದನ್ನು ಮೂಡಿಸಿದ ಕೋಡು. ಒಂದು ಅಂಕಿ ಬದಲಿಸಿ ಗುಂಡಿ ಒತ್ತಿದರೆ ಕಡಲಿನ ಅಲೆ ಎತ್ತರವಾಗುತ್ತದೆ, ಸೂರ್ಯ ಮುಳುಗುತ್ತಾನೆ. ಅಪರಿಚಿತರ ಕೋಡನ್ನು ನಿಮ್ಮ ಸ್ವಂತ ಜಿಪಿಯುವಿನ ಮೇಲೆ ಓಡಿಸುವ, ಅದೂ ಸಾವಿರಾರು ಜನ ಪರಸ್ಪರರ ಕೋಡನ್ನು ಓಡಿಸುವ ಇಂಥ ತಾಣ ಪ್ಲಗ್‌ಇನ್ ಕಾಲದಲ್ಲಿ ಹುಚ್ಚು ಸಾಹಸವಾಗುತ್ತಿತ್ತು. ಯಾರನ್ನೂ ನಂಬಬೇಕಾಗಿಲ್ಲದ್ದರಿಂದಲೇ ಎಲ್ಲರಿಂದಲೂ ಕಲಿಯುವುದು ಸಾಧ್ಯವಾಯಿತು. ಥ್ರೀ.ಜೆಎಸ್‌ನಂಥ ಲೈಬ್ರರಿ ಜಿಪಿಯುವನ್ನು ಮುಚ್ಚಿಟ್ಟು, ಕಲಿತೆವೆಂಬ ಭ್ರಮೆಯನ್ನಷ್ಟೇ ಕೊಡುತ್ತದೆ ಎಂಬ ದೂರು ಇದೆ. ಅರ್ಧ ನಿಜ. ಆದರೆ ಆ ಲೈಬ್ರರಿಯ ಮೂಲ ಕೋಡು ತೆರೆದೇ ಇದೆ, ಅದರೊಳಗೇ ನಮ್ಮ ಶೇಡರನ್ನು ಬರೆದು ಸೇರಿಸುವ ಬಾಗಿಲೂ ಇದೆ. ಮೊದಲು ಗಾಡಿ ಓಡಿಸಿ ಆಮೇಲೆ ಎಂಜಿನ್ ಬಿಚ್ಚುವವರನ್ನು ಮೆಕ್ಯಾನಿಕ್ ಅಲ್ಲ ಎನ್ನಲಾಗದು.

ಗ್ರಾಫಿಕ್ಸಿನ ಆಚೆಗೆ ಲೆಕ್ಕದ ಕೆಲಸಕ್ಕೂ ಜಿಪಿಯುವನ್ನು ದುಡಿಸಬಹುದೆಂದು ಹೊರಗಿನ ಜಗತ್ತು ಆಗಲೇ ಕಂಡುಕೊಂಡಿತ್ತು. 2004ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಇಯಾನ್ ಬಕ್ ಮತ್ತು ಸಂಗಡಿಗರು ಬ್ರೂಕ್ ಭಾಷೆಯನ್ನು ಜಿಪಿಯುಗೆ ತಂದರು. 2007ರಲ್ಲಿ ಎನ್‌ವಿಡಿಯಾದ ಕುಡಾ ಬಿಡುಗಡೆಯಾಯಿತು. 2012ರಲ್ಲಿ ಅಲೆಕ್ಸ್‌ನೆಟ್ ಎಂಬ ನರಜಾಲ ಎರಡು ಜಿಟಿಎಕ್ಸ್ 580 ಕಾರ್ಡುಗಳ ಮೇಲೆ ತರಬೇತಾಗಿ ಚಿತ್ರ ಗುರುತಿಸುವ ಸ್ಪರ್ಧೆಯನ್ನು ಗೆದ್ದಿತು. ಬ್ರೌಸರಿಗೂ ಅದೇ ಶಕ್ತಿ ಬೇಕೆಂದು ಕ್ರೋನೋಸ್ 2014ರ ಮಾರ್ಚಿನಲ್ಲಿ ವೆಬ್‌ಸಿಎಲ್ ಪ್ರಕಟಿಸಿತು. ಮುಖ್ಯ ಬ್ರೌಸರುಗಳಲ್ಲಿ ಒಂದೂ ಅದನ್ನು ಮನೆಗೆ ಸೇರಿಸಲಿಲ್ಲ. ಆದರೆ ಲೆಕ್ಕ ಮಾಡುವ ಹಠವಿದ್ದವರು ಚಿತ್ರ ಬರೆಯುವ ದಾರಿಯಲ್ಲೇ ಲೆಕ್ಕವನ್ನು ಸಾಗಿಸಿದರು. ಒಂದು ಪಿಕ್ಸೆಲ್ಲಿನಲ್ಲಿ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು ನಾಲ್ಕು ಅಂಕಿಗಳಿರುತ್ತವೆ. 512 ಅಗಲ, 512 ಎತ್ತರದ ಚಿತ್ರವೊಂದರಲ್ಲಿ ಹೀಗೆ 10,48,576 ಅಂಕಿಗಳನ್ನು ಅಡಗಿಸಿಡಬಹುದು. ಎರಡು ಚಿತ್ರಗಳನ್ನು ಕೊಟ್ಟು ‘ಮೂರನೆಯದನ್ನು ಬಿಡಿಸು’ ಎಂದರೆ ಜಿಪಿಯು ಚಿತ್ರ ಬಿಡಿಸುತ್ತೇನೆಂದೇ ತಿಳಿದು ಮ್ಯಾಟ್ರಿಕ್ಸ್ ಗುಣಾಕಾರ ಮಾಡಿಕೊಡುತ್ತದೆ. 2017ರ ಆಗಸ್ಟಿನ ಡೀಪ್‌ಲರ್ನ್.ಜೆಎಸ್, 2018ರ ಮಾರ್ಚಿನ ಟೆನ್ಸರ್‌ಫ್ಲೋ.ಜೆಎಸ್ ಈ ಜಾಣತನದ ಮೇಲೆಯೇ ನಿಂತವು. ಜಾಣತನವಾದರೂ ಕಲಿಕೆಗೆ ಅದು ಸೊಟ್ಟ ದಾರಿ. ಒಂದೇ ಪ್ರೋಗ್ರಾಮನ್ನು ಓಡಿಸುವ ಪಕ್ಕಪಕ್ಕದ ಎಳೆಗಳು (ಥ್ರೆಡ್‌ಗಳು) ಕೈಜೋಡಿಸಿ ದುಡಿಯುವುದು, ಪುಟ್ಟ ಮೆಮೊರಿಯನ್ನು ಹಂಚಿಕೊಳ್ಳುವುದು, ಒಬ್ಬರಿಗಾಗಿ ಒಬ್ಬರು ಕಾಯುವುದು ಚಿತ್ರದ ಭಾಷೆಯಲ್ಲಿ ಹೇಳಲು ಬರುವುದಿಲ್ಲ. ಜಿಪಿಯು ಲೆಕ್ಕಾಚಾರದ ಜೀವಾಳ ಇರುವುದು ಅಲ್ಲೇ.

ಆ ಕೊರತೆಯಿಂದಲೇ ವೆಬ್‌ಜಿಪಿಯು ಹುಟ್ಟಿತು. ಜಿಪಿಯುಗೆ ಕೆಲಸ ಹೇಳುವ ಹೊಸ ದಾರಿಗಳಾಗಿ ಆಪಲ್‌ನ ಮೆಟಲ್ 2014ರಲ್ಲಿ, ಮೈಕ್ರೋಸಾಫ್ಟಿನ ಡೈರೆಕ್ಟ್‌3ಡಿ 12 2015ರಲ್ಲಿ, ಕ್ರೋನೋಸ್‌ನ ವಲ್ಕನ್ 2016ರಲ್ಲಿ ಬಂದು ಓಪನ್‌ಜಿಎಲ್ ಹಳತಾಗಿತ್ತು. 2017ರ ಫೆಬ್ರವರಿಯಲ್ಲಿ ಆಪಲ್ ವೆಬ್‌ಜಿಪಿಯು ಎಂಬ ಪ್ರಸ್ತಾವವನ್ನು ಮುಂದಿಟ್ಟಿತು, ಡಬ್ಲ್ಯೂ3ಸಿ ಸಂಸ್ಥೆಯ ಅಡಿಯಲ್ಲಿ ಹೊಸ ಗುಂಪು ಸೇರಿತು. ದೊಡ್ಡ ಜಗಳ ನಡೆದದ್ದು ಶೇಡರ್ ಭಾಷೆಯ ಬಗ್ಗೆ. ವಲ್ಕನ್ನಿನ ಸ್ಪಿರ್-ವಿ ಎಂಬ, ಮನುಷ್ಯರ ಕಣ್ಣಿಗೆ ಅಂಕಿಗಳ ಸಾಲಾಗಿ ಕಾಣುವ ರೂಪವನ್ನೇ ತೆಗೆದುಕೊಳ್ಳೋಣ ಎಂದಿತು ಒಂದು ಪಕ್ಷ; ವೆಬ್ಬಿಗೆ ಓದಲು ಬರುವ ಪಠ್ಯವೇ ಬೇಕು ಎಂದಿತು ಇನ್ನೊಂದು. 2020ರ ಹೊತ್ತಿಗೆ ಪಠ್ಯದ ಪಕ್ಷ ಗೆದ್ದು ಡಬ್ಲ್ಯೂಜಿಎಸ್‌ಎಲ್ ಎಂಬ ಹೊಸ ಭಾಷೆ ರೂಪುಗೊಂಡಿತು. ಕ್ರೋಮ್ 113ರೊಂದಿಗೆ 2023ರ ಮೇ ತಿಂಗಳಲ್ಲಿ ವೆಬ್‌ಜಿಪಿಯು ಜನರ ಕೈಗೆ ಬಂತು. 2024ರ ಜನವರಿಯ ಕ್ರೋಮ್ 121 ಅದನ್ನು ಆಂಡ್ರಾಯ್ಡ್ 12 ಮತ್ತು ಅದರ ಮೇಲಿನ ಹಲವು ಫೋನುಗಳಿಗೆ ಒಯ್ಯಿತು. 2025ರ ಜುಲೈಯಲ್ಲಿ ವಿಂಡೋಸಿನ ಫೈರ್‌ಫಾಕ್ಸ್ 141, ಸೆಪ್ಟೆಂಬರಿನಲ್ಲಿ ಸಫಾರಿ 26 ಜೊತೆಗೂಡಿದವು. ಪ್ರಸ್ತಾವದಿಂದ ಮೊದಲ ಬಿಡುಗಡೆಯ ತನಕ ಆರು ವರ್ಷ ಹಿಡಿಯಿತು. ಹೊಸ ಚಿಪ್ಪುಗಳ ಬಾಗಿಲನ್ನು ಅಪರಿಚಿತರಿಗೆ ತೆರೆಯುವಾಗ ಪ್ರತಿ ಕೀಲನ್ನೂ ಅಲುಗಾಡಿಸಿ ನೋಡಿದ್ದಕ್ಕೆ ಅದರಲ್ಲಿ ಸಾಕಷ್ಟು ಪಾಲು ಸಲ್ಲಬೇಕು.

ಒಂದು ಸಣ್ಣ ಲೆಕ್ಕವನ್ನು ಹತ್ತಿರದಿಂದ ನೋಡೋಣ. 1000 ಅಂಕಿಗಳನ್ನು ಎರಡರಿಂದ ಗುಣಿಸಬೇಕು. ವೆಬ್‌ಜಿಪಿಯುವಿನಲ್ಲಿ ಎಳೆಗಳನ್ನು ತಂಡ ಕಟ್ಟಿ ಕಳಿಸಬೇಕು. ತಂಡಕ್ಕೆ 64 ಎಳೆ ಎಂದಿಟ್ಟುಕೊಳ್ಳಿ. 15 ತಂಡ ಕಳಿಸಿದರೆ 960, ಸಾಲದು. 16 ತಂಡ ಕಳಿಸಿದರೆ 1024, ಅಂದರೆ 24 ಎಳೆಗಳಿಗೆ ಕೆಲಸವಿಲ್ಲ. ‘ನಿನ್ನ ಸಂಖ್ಯೆ 1000 ಮುಟ್ಟಿದ್ದರೆ ಸುಮ್ಮನೆ ಹಿಂದಿರುಗು’ ಎಂಬ ಸಾಲನ್ನು ಬರೆಯಬೇಕು, ಹೊಸಬರು ಮರೆಯುವುದು ಅದನ್ನೇ. ಕುಡಾದಲ್ಲಿ ಮರೆತರೆ ಆ 24 ಎಳೆಗಳು ಪಟ್ಟಿಯ ಆಚೆ ಬರೆಯುತ್ತವೆ. ಅಲ್ಲಿ ಮೆಮೊರಿ ಖಾಲಿಯಿದ್ದರೆ ತಪ್ಪು ಗೊತ್ತೇ ಆಗುವುದಿಲ್ಲ, ಇಲ್ಲದಿದ್ದರೆ ಬೇರೆ ಯಾವುದೋ ಲೆಕ್ಕ ಕೆಡುತ್ತದೆ. ವೆಬ್‌ಜಿಪಿಯುವಿನಲ್ಲಿ ಪಟ್ಟಿಯ ಗಡಿ ದಾಟುವುದು ಸಾಧ್ಯವಿಲ್ಲ. ಇನ್ನೊಂದು ತಪ್ಪು ಇದಕ್ಕಿಂತ ನವಿರಾದದ್ದು. ತಂಡದ ಎಲ್ಲರೂ ಬರುವ ತನಕ ಕಾಯಿರಿ ಎಂಬ ಆಜ್ಞೆಯೊಂದಿದೆ. ಅದನ್ನು ‘ನಿನ್ನ ಸಂಖ್ಯೆ 32ಕ್ಕಿಂತ ಕಡಿಮೆಯಿದ್ದರೆ’ ಎಂಬ ಷರತ್ತಿನೊಳಗೆ ಇಟ್ಟರೆ ಅರ್ಧ ತಂಡ ಕಾಯುತ್ತದೆ, ಉಳಿದರ್ಧ ಅಲ್ಲಿಗೆ ಬರುವುದೇ ಇಲ್ಲ. ಕುಡಾದಲ್ಲಿ ಇದರ ಫಲ ಇಂಥದೇ ಎಂದು ಹೇಳಲಾಗದು. ಪ್ರೋಗ್ರಾಮು ಅಲ್ಲೇ ನಿಂತರೂ ನಿಂತೀತು. ಡಬ್ಲ್ಯೂಜಿಎಸ್‌ಎಲ್ ಅಂಥ ಕೋಡನ್ನು ಓಡಿಸುವುದಕ್ಕೆ ಮೊದಲೇ ತಿರಸ್ಕರಿಸಿ, ಎಲ್ಲ ಎಳೆಗಳೂ ಒಂದೇ ದಾರಿಯಲ್ಲಿ ಬರುವ ಜಾಗದಲ್ಲಷ್ಟೇ ಕಾಯಬಹುದು ಎಂದು ತಿಳಿಸುತ್ತದೆ. ಈ ನಿಯಮ ಬಂದದ್ದು ಯಾವ ಚಿಪ್ಪಿನ ಮೇಲೂ ಕೋಡು ಅಡ್ಡಾದಿಡ್ಡಿ ನಡೆಯಬಾರದೆಂಬ ಕಾರಣಕ್ಕೆ. ಸಮಾಂತರ ಲೆಕ್ಕಾಚಾರದ ಅತಿ ಕಷ್ಟದ ಪಾಠಗಳಲ್ಲಿ ಒಂದು ಅದರಿಂದ ದೋಷಸೂಚನೆಯ ರೂಪದಲ್ಲಿ ತಾನಾಗಿ ಎದುರಿಗೆ ಬರುತ್ತದೆ.

ಇಲ್ಲಿ ಆಕ್ಷೇಪಗಳು ಏಳುವುದು ಸಹಜ. ನಿಜವಾದ ಕಸುಬು ಕುಡಾ, ವಲ್ಕನ್‌ಗಳಲ್ಲಿದೆ, ಅಲ್ಲಿಯೂ ತಪ್ಪು ಹುಡುಕುವ ಸಾಧನಗಳಿವೆ ಎನ್ನುವವರಿದ್ದಾರೆ. ಇವೆ. ಆದರೆ ಅವನ್ನು ಬೇಕೆಂದು ಓಡಿಸಬೇಕು. ವಲ್ಕನ್ನಿನ ಪರೀಕ್ಷಾ ಪದರಗಳು ನಾವಾಗಿ ಚಾಲೂ ಮಾಡುವ ತನಕ ಮಲಗಿರುತ್ತವೆ. ತಾನು ತಪ್ಪಿದ್ದೇನೆಂದು ಗೊತ್ತಿರುವವನಿಗೆ ಅವು ನೆರವಾಗುತ್ತವೆ, ಗೊತ್ತಿಲ್ಲದವನಿಗೆ ಇಲ್ಲ. ಕಳ್ಳ ತನ್ನ ಪರೀಕ್ಷೆಯನ್ನು ತಾನೇ ಚಾಲೂ ಮಾಡುವುದಿಲ್ಲವಾದ್ದರಿಂದ ಬ್ರೌಸರಿನ ಕಾವಲು ಸದಾ ಎಚ್ಚರವಾಗಿಯೇ ಇರಬೇಕಾಯಿತು. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಕಾವಲು ಯಂತ್ರವನ್ನು ಉಳಿಸುತ್ತದೆ, ಉತ್ತರವನ್ನಲ್ಲ. ಮೇಲಿನ ಲೆಕ್ಕದಲ್ಲಿ ಬ್ರೌಸರ್ ಆ 24 ಎಳೆಗಳನ್ನು ಪಟ್ಟಿಯ ಕೊನೆಯ ಮನೆಗೇ ತಳ್ಳಿದರೆ, ಅವು ಅದನ್ನು ಮತ್ತೆ ಗುಣಿಸಿ 1000ನೆಯ ಅಂಕಿ ಮಾತ್ರ ತಪ್ಪಾಗಬಹುದು, ಒಂದು ಸೂಚನೆಯೂ ಬರುವುದಿಲ್ಲ. ಒಪ್ಪಬೇಕಾದ ಮಾತು. ಬೆನ್ನಿಗೆ ಬೆಂಡು ಕಟ್ಟಿ ಬಾವಿಗಿಳಿಸಿದ ಹುಡುಗ ಮುಳುಗುವುದಿಲ್ಲ, ಆದರೆ ಬೆಂಡು ಅವನಿಗೆ ಕೈಕಾಲು ಬಡಿಯುವ ಕ್ರಮ ಕಲಿಸುವುದಿಲ್ಲ. ಅದು ಕೊಡುವುದು ನೀರಿನಲ್ಲಿ ಇರುವ ಹೊತ್ತನ್ನು. ಕಲಿಕೆಗೆ ಮೊದಲು ಬೇಕಾದದ್ದು ಆ ಹೊತ್ತು. ಮೂರನೆಯದು ವೇಗದ ಪ್ರಶ್ನೆ. ವೇಗವನ್ನು ಹದಗೊಳಿಸಲು ಸಮಯವನ್ನು ನಿಖರವಾಗಿ ಅಳೆಯಬೇಕು, ಕಳ್ಳನಿಗೂ ಬೇಕಾದದ್ದು ಆ ಅಳತೆಯೇ. 2018ರ ಮೇ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ರೈ ವಿಶ್ವವಿದ್ಯಾಲಯದ ಸಂಶೋಧಕರು ಗ್ಲಿಚ್ ಎಂಬ ದಾಳಿಯಲ್ಲಿ ವೆಬ್‌ಜಿಎಲ್ ಬಳಸಿ ನೆಕ್ಸಸ್ 5 ಫೋನಿನ ಬ್ರೌಸರನ್ನು ಸುಮಾರು ಎರಡು ನಿಮಿಷದಲ್ಲಿ ಭೇದಿಸಿದರು. ಆಗ ಜಿಪಿಯುವಿನ ನಿಖರ ಗಡಿಯಾರಗಳನ್ನು ಬ್ರೌಸರುಗಳು ಕಿತ್ತುಕೊಂಡವು. ಇಂದಿಗೂ ಕ್ರೋಮ್‌ನ ವೆಬ್‌ಜಿಪಿಯು ಸಾಮಾನ್ಯ ಪುಟಕ್ಕೆ 100 ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಷ್ಟೇ ಸಮಯ ಹೇಳುತ್ತದೆ. ವೇಗವನ್ನು ಕೂದಲೆಳೆಯಷ್ಟು ಹದಗೊಳಿಸುವ ವಿದ್ಯೆಯನ್ನು ಇಲ್ಲಿ ಪೂರ್ತಿ ಕಲಿಯಲಾಗದು. ಅದಕ್ಕೆ ಮುಂದೊಂದು ದಿನ ಹೊರಗೆ ಹೋಗಲೇಬೇಕು. ಪ್ರಾಥಮಿಕ ಶಾಲೆ ವಿಶ್ವವಿದ್ಯಾಲಯವಲ್ಲ ಎಂಬುದು ಪ್ರಾಥಮಿಕ ಶಾಲೆಯ ಮೇಲಿನ ದೋಷಾರೋಪವಾಗುವುದಿಲ್ಲ.

ಕೊನೆಯ ಆಕ್ಷೇಪ ನನ್ನ ವಾದದ ಬುಡಕ್ಕೇ ಕೈಹಾಕುತ್ತದೆ. ಬ್ರೌಸರ್ ಶಾಲೆಯಾದದ್ದು ಅದು ಎಲ್ಲರ ಬಳಿ ಇರುವುದರಿಂದ, ಏನನ್ನೂ ಹಾಕಿಕೊಳ್ಳಬೇಕಾಗಿಲ್ಲದ್ದರಿಂದ; ಸಂಶಯಕ್ಕೂ ಇದಕ್ಕೂ ಏನು ನಂಟು? ಫ್ಲಾಶ್ ಕೂಡ ಒಂದು ಕಾಲಕ್ಕೆ ಬಹುತೇಕ ಎಲ್ಲರ ಕಂಪ್ಯೂಟರಿನಲ್ಲೂ ಇತ್ತು. 2011ರ ಅಕ್ಟೋಬರಿನಲ್ಲಿ ಫ್ಲಾಶ್ ಪ್ಲೇಯರ್ 11ರ ಮೂಲಕ ಜಿಪಿಯುವಿನ ದಾರಿಯನ್ನೂ ತೆರೆಯಿತು. 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ಮುಗಿಯಿತು. ಅದರ ಅಳಿವಿಗೆ ಕಾರಣಗಳು ಹಲವು. ಮೇಲಿಂದ ಮೇಲೆ ಬಯಲಾದ ಭದ್ರತಾ ದೋಷಗಳು ಅವುಗಳಲ್ಲಿ ಒಂದು. ಎಲ್ಲರ ಬಳಿ ಇರುವುದು ಬೇರೆ, ಎಲ್ಲರ ಬಳಿ ಉಳಿಯುವುದು ಬೇರೆ. ಕೇಳದೆ, ಹಾಕದೆ, ಒಂದು ಕೊಂಡಿ ಒತ್ತಿದೊಡನೆ ತೆರೆಯುವ ಸೌಲಭ್ಯ ಆಕಾಶದಿಂದ ಬಿದ್ದದ್ದಲ್ಲ; ತೆರೆದ ಪುಟವನ್ನು ನಂಬದೆ ನಡೆಸುವ ಏರ್ಪಾಟಿನ ಮೇಲೆ ಅದು ನಿಂತಿದೆ. ಬೀಗವಿದ್ದದ್ದರಿಂದಲೇ ಬಾಗಿಲು ತೆರೆದಿಡಲು ಧೈರ್ಯ ಬಂತು. ಇನ್ನೊಂದು ಸಾಕ್ಷಿಯೂ ಇದೆ. ಕ್ರೋಮ್‌ನ ವೆಬ್‌ಜಿಪಿಯು ಹಿಂದಿರುವ ಡಾನ್, ಫೈರ್‌ಫಾಕ್ಸ್ ಹಿಂದಿರುವ ಡಬ್ಲ್ಯೂಜಿಪಿಯು ಎಂಬ ಲೈಬ್ರರಿಗಳನ್ನು ಈಗ ಬ್ರೌಸರಿನ ಹೊರಗಿನ ಆಟಗಳಿಗೂ ಪ್ರಯೋಗಗಳಿಗೂ ಜನ ಬಳಸುತ್ತಿದ್ದಾರೆ. ಅಲ್ಲಿ ಕಳ್ಳರ ಭಯವಿಲ್ಲ, ಕಾವಲು ಕಡ್ಡಾಯವೂ ಅಲ್ಲ. ಹಾಗಿದ್ದೂ ಆ ಶಿಸ್ತನ್ನು ತಾವಾಗಿ ಆರಿಸಿಕೊಂಡಿದ್ದಾರೆ.

ಹೀಗೆ ನೋಡಿದರೆ 2011ರ ಆ ಹಣೆಪಟ್ಟಿ ಈ ಚರಿತ್ರೆಯ ಅಡ್ಡಗಾಲಲ್ಲ, ಅಡಿಗಲ್ಲುಗಳಲ್ಲಿ ಒಂದು. ಅದರ ಮೇಲೆ ಎದ್ದ ಶಾಲೆ ಇಂದು ಕಾಲೇಜು ಹುಡುಗಿಯೊಬ್ಬಳ ಆಂಡ್ರಾಯ್ಡ್ ಫೋನಿನಲ್ಲೂ ನಡೆಯಬಲ್ಲದು. ಅದಕ್ಕೆ ದುಬಾರಿ ಕಾರ್ಡು ಬೇಡ, ಪ್ರಯೋಗಾಲಯದ ಬೀಗದ ಕೈ ಬೇಡ. ಒಂದು ಅಡ್ಡಿ ಮಾತ್ರ ಉಳಿದಿದೆ, ಅದು ಭಾಷೆಯದು. ಪಾಠಗಳೂ ದೋಷಸೂಚನೆಗಳೂ ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಅವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ಬಲ್ಲವರಿಗೆ ಕಾದಿದೆ. ಭಾಷೆಯ ನಿಯಮವಂತೂ ಅಡ್ಡ ಬರುವುದಿಲ್ಲ. ಹಳೆಯ ವೆಬ್‌ಜಿಎಲ್ ಶೇಡರುಗಳಲ್ಲಿ ಹೆಸರುಗಳಿಗೆ ಇಂಗ್ಲಿಷ್ ಅಕ್ಷರಗಳಷ್ಟೇ ಸಲ್ಲುತ್ತಿದ್ದವು. ಡಬ್ಲ್ಯೂಜಿಎಸ್‌ಎಲ್ ಯೂನಿಕೋಡ್ ಹೆಸರುಗಳನ್ನು ಒಪ್ಪುತ್ತದೆ, ಅದರ ಅಧಿಕೃತ ವಿವರಣೆಯ ಉದಾಹರಣೆಗಳಲ್ಲಿ ದೇವನಾಗರಿಯ ‘ಗುಲಾಬೀ’ ಕೂಡ ಇದೆ. ಶೇಡರಿನಲ್ಲಿ ಒಂದು ಚರಾಂಶಕ್ಕೆ ‘ಬಣ್ಣ’ ಎಂದೋ ‘ಮೊತ್ತ’ ಎಂದೋ ಕನ್ನಡ ಲಿಪಿಯಲ್ಲೇ ಹೆಸರಿಟ್ಟರೆ, ಎಲ್ಲವನ್ನೂ ಸಂಶಯದಿಂದ ನೋಡುವ ಆ ಕಾವಲುಗಾರ ಅದನ್ನು ಒಳಗೆ ಬಿಡುತ್ತಾನೆ.